ಎಲ್ಲರಿಗೂ ಒಗ್ಗುವ ಗರಡಿ ಸಾಮಾನು



ಅಕ್ಕಿಆಲೂರು, ಹಾನಗಲ್ಲ ಸೀಮೆಯವರಿಗೆ ಗರಡಿಮನೆ, ಕುಸ್ತಿಯ ಕಣ, ಸಂಗ್ರಾಣಿ ಕಲ್ಲು ಹೊಸವಲ್ಲ. ಈಚೆಗೆ ಊರೂರಲ್ಲಿ ಬಯಲಿಗೆ ಕಬ್ಬಿಣದ ವ್ಯಾಯಾಮ ಸಾಮಾನುಗಳೂ ಬರುತ್ತಿವೆ. ಹಣ ಕೊಡುವ ಮೊದಲು ಒಂದು ಮಾತು ಕೇಳಿಕೊಳ್ಳಿರಿ: ಇವು ಯಾರಿಗಾಗಿ?

ಕಲ್ಲಿನ ತೂಕ ಒಂದೇ. ಅದನ್ನು ಎತ್ತುವವನು ಮೊದಲೇ ಗಟ್ಟಿಗನಾಗಿರಬೇಕು. ಬಯಲಿನ ಸಾಮಾನುಗಳಲ್ಲಿ ಅನೇಕವು ಕೂತವನ ಮೈಭಾರವನ್ನೇ ಎತ್ತಿಸುತ್ತವೆ. ಆ ಭಾರವನ್ನು ಕಡಿಮೆ ಮಾಡಲು ಬಾರದು. ಆದ್ದರಿಂದ ಬಲ ಯಾರಿಗೆ ಹೆಚ್ಚು ಬೇಕೋ ಅವರೇ, ಅಂದರೆ ಮುದುಕರು, ನಿಶ್ಶಕ್ತರಾದ ಹೆಣ್ಣುಮಕ್ಕಳು, ಪೋಲಿಯೋದಿಂದ ಕಾಲು ಸೋತವರು, ಹೊರಗೆ ಉಳಿಯುತ್ತಾರೆ. ತೊಡೆಯಲ್ಲಿ ಬಲವಿಲ್ಲದ ಮುದುಕನು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರೆ ಇಡೀ ಮನೆಯ ಸುಗ್ಗಿ ಕೆಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ, ಅಂಗವಿಕಲರೂ ಸೇರಿ ವಯಸ್ಕರೆಲ್ಲರೂ ವಾರಕ್ಕೆ 2 ದಿನವಾದರೂ ಸ್ನಾಯುಬಲದ ವ್ಯಾಯಾಮ ಮಾಡಬೇಕೆಂದು ಹೇಳಿದೆ.

ಸಾಮಾನು ಆರಿಸುವಾಗ ನೋಡತಕ್ಕ ಸಂಗತಿಗಳು ಇವು:

1. ಭಾರವು ಅರ್ಧ ಅಥವಾ 1 ಕಿಲೋದಿಂದ ಸುರುವಾಗಿ, ಸ್ವಲ್ಪ ಸ್ವಲ್ಪವೇ ಏರುವಂತಿರಲಿ.

2. ಬಾಗಿಲು 3 ಅಡಿ ಅಗಲವಿರಲಿ. ಗಾಲಿಕುರ್ಚಿ ತಿರುಗಲು ಒಳಗೆ 5 ಅಡಿ ಉದ್ದಗಲದ ಸ್ಥಳ ಬೇಕು. ಹೊಸ್ತಿಲು 1 ಅಡಿ ಎತ್ತರವಿದ್ದರೆ 12 ಅಡಿ ಉದ್ದದ ಇಳಿಜಾರು ಕಟ್ಟಿಸಿರಿ.

3. ಕೂತು ಮಾಡುವ ಸಾಮಾನಿಗೆ ಬೆನ್ನಾಸರೆಯೂ ಹಿಡಿಕೆಯೂ ಇರಲಿ. ಆಸನ ಪಕ್ಕಕ್ಕೆ ಸರಿಯುವಂತಿದ್ದರೆ ಗಾಲಿಕುರ್ಚಿಯವರು ಇಳಿಯದೆ ಕೈವ್ಯಾಯಾಮ ಮಾಡಬಹುದು.

4. ಬೆರಳು ಮಡಚಲಾರದವರಿಗೆ ಮಣಿಕಟ್ಟಿಗೆ ಕಟ್ಟುವ ಪಟ್ಟಿ ಬೇಕು. ಕಣ್ಣು ಕಾಣದವರಿಗಾಗಿ ಸಾಮಾನುಗಳನ್ನು ದಿನಾಲು ಒಂದೇ ಕಡೆ ಇಡಬೇಕು.

ತಕ್ಕ ಸಾಮಾನಿದ್ದರೆ ಏನಾಗುತ್ತದೆಂಬುದಕ್ಕೆ ನಮ್ಮ ನಾಡಿನಲ್ಲೇ ನಿದರ್ಶನವಿದೆ. ಬೆಂಗಳೂರಿನ ಫರ್ಮಾನ್ ಬಾಷಾ ಅವರು 2008ರಲ್ಲಿ ಬೀಜಿಂಗ್, 2012ರಲ್ಲಿ ಲಂಡನ್ ಪ್ಯಾರಾಲಿಂಪಿಕ್ ಕ್ರೀಡೆಗಳಲ್ಲಿ ಭಾರ ಎತ್ತಿದರು. ಆ ಸ್ಪರ್ಧೆಯಲ್ಲಿ ಕಾಲನ್ನು ನೆಲಕ್ಕೂರಬೇಕಾಗಿಲ್ಲ. ಸುಮಾರು ಒಂದೂವರೆ ಅಡಿ ಎತ್ತರದ, ಇಡೀ ಮೈಯನ್ನು ತಾಳುವ ಉದ್ದನೆಯ ಹಲಗೆಯ ಮೇಲೆ ಮಲಗಿ, ಬೇಕಾದರೆ ಕಾಲಿಗೆ ಪಟ್ಟಿ ಕಟ್ಟಿಕೊಂಡು, ಎದೆಯ ಮೇಲಿಂದ ಭಾರ ಎತ್ತುತ್ತಾರೆ. ಇಂಥ ಗಟ್ಟಿ ಹಲಗೆಯನ್ನು ಊರ ಬಡಿಗರೂ ಮಾಡಿಕೊಡಬಲ್ಲರು.

ಹಣವಿಲ್ಲದಿದ್ದರೂ ಕೆಲಸ ನಿಲ್ಲಬೇಕಾಗಿಲ್ಲ. 1 ಲೀಟರ್ ನೀರಿನ ತೂಕ 1 ಕಿಲೋ. ಹಿಡಿಕೆಯುಳ್ಳ 5 ಲೀಟರಿನ ಡಬ್ಬಿಗೆ ಮೊದಲು ಅರ್ಧ ಲೀಟರ್ ಹಾಕಿ ಎತ್ತಿರಿ. ಹತ್ತು-ಹನ್ನೆರಡು ಸಲ ಸಲೀಸಾಗಿ ಎತ್ತಲು ಬಂದಾಗ ಇನ್ನರ್ಧ ಲೀಟರ್ ಕೂಡಿಸಿರಿ. ಮುದುಕರು ಗೋಡೆಗೆ ತಾಗಿಸಿಟ್ಟ ಗಟ್ಟಿ ಕುರ್ಚಿಯಿಂದ ಏಳುವುದು, ಕೂಡುವುದು ಮಾಡಿದರೆ ಅದೇ ಒಳ್ಳೆಯ ಬೈಠಕ್. ಎತ್ತುವಾಗ ಉಸಿರು ಬಿಗಿಹಿಡಿಯಬಾರದು. ಎದೆನೋವು, ರಕ್ತದೊತ್ತಡ ಇದ್ದವರು ಮೊದಲು ವೈದ್ಯರನ್ನು ಕೇಳಬೇಕು.

ಸಾಮಾನಿನ ಪಟ್ಟಿ ಗ್ರಾಮಸಭೆಗೆ ಬಂದಾಗ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕರೆಯಿರಿ. ಕೋಲು ಹಿಡಿದು ನಡೆಯುವವರನ್ನೂ ಗಾಲಿಕುರ್ಚಿಯವರನ್ನೂ ಕರೆದು, ಸಾಮಾನನ್ನು ಅವರಿಂದಲೇ ಮುಟ್ಟಿಸಿ, ಕೂಡಿಸಿ ನೋಡಿರಿ. ಅವರಿಗೆ ಒಗ್ಗಿದ್ದು ಪೈಲವಾನನಿಗೂ ಒಗ್ಗುತ್ತದೆ. ಪೈಲವಾನನಿಗೆ ಮಾತ್ರ ಒಗ್ಗುವುದು ಊರಿನ ಸಾಮಾನಾಗಲಾರದು.