ಫ್ಯಾನು ನುಂಗುವ ಅಶ್ವಶಕ್ತಿ

ಮಾವು ಹೇರಿಕೊಂಡು ಶ್ರೀನಿವಾಸಪುರದಿಂದ ಮುಳಬಾಗಿಲಿಗೆ ಹೊರಟ ಲಾರಿಯನ್ನು ನಾವು ಗಮನಿಸೋಣ. ಅದರ ಎಂಜಿನ್ನು ತನ್ನ ಶಕ್ತಿಯನ್ನೆಲ್ಲ ಚಕ್ರಗಳಿಗೆ ಕೊಡಲಾರದು. ನೀರಿನ ಪಂಪು, ಆಲ್ಟರ್ನೇಟರು, ರೇಡಿಯೇಟರಿನ ಫ್ಯಾನು ತಮ್ಮ ಪಾಲನ್ನು ಮೊದಲೇ ಸೆಳೆದುಕೊಳ್ಳುತ್ತವೆ. ಫ್ಯಾನಂತೂ ಹೊಟ್ಟೆಬಾಕ: ವೇಗ ಇಮ್ಮಡಿಯಾದರೆ ಅದಕ್ಕೆ ಬೇಕಾಗುವ ಶಕ್ತಿ ಸುಮಾರು ಎಂಟು ಮಡಿಯಾಗುವುದು. ನಿಮಿಷಕ್ಕೆ 1000 ಸುತ್ತಿನಲ್ಲಿ 1 ಅಶ್ವಶಕ್ತಿ ಬೇಡುವ ಫ್ಯಾನು 2000 ಸುತ್ತಿನಲ್ಲಿ 8ನ್ನು ಬೇಡೀತು.

ಡೈನಮೋಮೀಟರಿನ ಮೇಲೆ, ಹೊರಗಿನಿಂದ ತಣ್ಣೀರು ಹರಿಸಿ, ಫ್ಯಾನನ್ನು ಕಳಚಿ ಅಳೆದರೆ ಅಂಕೆ ಏರುವುದು ಸಹಜ. ಅಮೆರಿಕದ ಕಾರು ಕಂಪನಿಗಳು 1972ಕ್ಕೆ ಮೊದಲು ಬಹುಮಟ್ಟಿಗೆ ಇಂಥ ಅಂಕೆಗಳನ್ನೇ ಸಾರುತ್ತಿದ್ದವು! ಆದರೆ ಮೇ ತಿಂಗಳ ಬಿಸಿಲಲ್ಲಿ ಏರು ಹತ್ತುವ ನಮ್ಮ ಲಾರಿಗೆ ಫ್ಯಾನಿಲ್ಲದಿದ್ದರೆ ನೀರು ಕುದಿದೀತು. ಆದುದರಿಂದ ಫ್ಯಾನಿಗೊಂದು ಕ್ಲಚ್ಚು ಜೋಡಿಸುವುದುಂಟು. ರೇಡಿಯೇಟರನ್ನು ಹಾಯ್ದು ಬರುವ ಗಾಳಿ ಬಿಸಿಯೇರಿದಾಗ ಮಾತ್ರ ಅದು ಫ್ಯಾನನ್ನು ಬಿಗಿಹಿಡಿದು ತಿರುಗಿಸುವುದು. ಮಿಕ್ಕ ಹೊತ್ತಿನಲ್ಲಿ ಓಟದ ಎದುರುಗಾಳಿಯೇ ಬಹುಪಾಲು ಸಾಕು.