ಗುಪ್ತದಾನವೂ ಗುಮಾನಿಯೂ

ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಕಟನಾಲಯವು ೨೦೧೭ರಲ್ಲಿ ಅಚ್ಚು ಹಾಕಿತು. ಒಂದು ಪುಟದಲ್ಲಿ ಕನ್ನಡ ಮೂಲ, ಎದುರಿನ ಪುಟದಲ್ಲಿ ವನಮಾಲಾ ವಿಶ್ವನಾಥರ ಇಂಗ್ಲಿಷ್ ಅನುವಾದ. ಕನ್ನಡ ಪಾಠ ಹೇಳುವ ನನ್ನಂಥವನಿಗೆ ಅದನ್ನು ಕೈಗೆತ್ತಿಕೊಂಡಾಗ ಆದ ಸಂತೋಷವನ್ನು ವಾಚಕರೇ ಊಹಿಸಬಹುದು. ಆ ಗ್ರಂಥಮಾಲೆಗೆ ಆಧಾರವಾದುದು ಬೆಂಗಳೂರಿನ ನಾರಾಯಣಮೂರ್ತಿಯವರ ಮನೆತನವು ೨೦೧೦ರಲ್ಲಿ ಇತ್ತ ೫೨ ಲಕ್ಷ ಡಾಲರುಗಳ ದತ್ತಿ. ಅದೇ ವರ್ಷ ಟಾಟಾ ಸಂಸ್ಥೆಗಳು ಹಾರ್ವರ್ಡಿನ ಬಿಸಿನೆಸ್ ಶಾಲೆಗೆ ೫ ಕೋಟಿ ಡಾಲರುಗಳನ್ನು ಕೊಟ್ಟವು. ನಮಗೆ ಇವು ಹೆಮ್ಮೆಯ ಸಂಗತಿಗಳು. ಆದರೆ ಭಾರತದಿಂದ ಹೋದ ಹಣವೂ ಅಮೆರಿಕದ ಕಾನೂನಿನ ಕಣ್ಣಿಗೆ ಪರದೇಶದ ಹಣವೇ.

ಬಲಗೈ ಕೊಟ್ಟುದು ಎಡಗೈಗೆ ತಿಳಿಯಬಾರದೆಂದು ನಮ್ಮ ಹಿರಿಯರು ಗುಪ್ತದಾನವನ್ನು ಕೊಂಡಾಡಿದರು. ಅಮೆರಿಕದ ಶಾಸನವು ಇದಕ್ಕೆ ತೀರ ವಿರುದ್ಧವಾದುದು. ಒಂದೇ ಪರದೇಶೀ ಮೂಲದಿಂದ ವರ್ಷವೊಂದರಲ್ಲಿ ೨,೫೦,೦೦೦ ಡಾಲರ್ ಅಥವಾ ಅದಕ್ಕೂ ಮಿಗಿಲಾಗಿ ಕಾಣಿಕೆಯನ್ನೋ ಕರಾರಿನ ಹಣವನ್ನೋ ಪಡೆದ ವಿದ್ಯಾಸಂಸ್ಥೆಯು ಅದನ್ನು ಶಿಕ್ಷಣ ಇಲಾಖೆಗೆ ತಿಳಿಸಬೇಕೆಂದು ೧೯೮೬ರಲ್ಲಿಯೇ ವಿಧಿಯಾಯಿತು. ಹಣ ತೆಗೆದುಕೊಳ್ಳಬಾರದೆಂದು ಅದು ಹೇಳಲಿಲ್ಲ. ತೆಗೆದುಕೊಂಡುದನ್ನು ಮುಚ್ಚಿಡಬಾರದು ಎಂದಿತು, ಅಷ್ಟೆ.

ಇದರ ಹಿಂದಿನ ಭಯ ನಿರಾಧಾರವಾದುದಲ್ಲ. ಉಂಡ ಮನೆಯ ಗಳ ಎಣಿಸಬಾರದೆಂಬುದು ಲೋಕದ ನಡತೆ. ವಿದ್ವಾಂಸನ ಕೆಲಸವಾದರೋ ಗಳ ಎಣಿಸುವುದೇ! ಒಂದು ದೇಶದ ಸರಕಾರದ ಹಣದಿಂದ ಏರ್ಪಟ್ಟ ಪೀಠದಲ್ಲಿ ಕುಳಿತವನು ಆ ದೇಶದ ಚರಿತ್ರೆಯನ್ನು ಬರೆಯುವಾಗ ಅವನ ಲೇಖನಿ ಎಲ್ಲಿ ತಡೆಯಿತೆಂಬುದನ್ನು ವಿದ್ಯಾರ್ಥಿಯು ತಿಳಿಯುವ ಬಗೆ ಯಾವುದು? ಹಣ ಕೊಟ್ಟವರು ಯಾರೆಂದು ಗೊತ್ತಿದ್ದರೆ ಓದುವಾಗ ಎಚ್ಚರವಾದರೂ ಇದ್ದೀತು.

ಶಾಸನವೇನೋ ಆಯಿತು, ಅದನ್ನು ಓದಿದವರು ಕಡಮೆ. ಮೂರು ದಶಕಗಳ ಕಾಲ ಅದು ಬಹುಮಟ್ಟಿಗೆ ನಿದ್ರಿಸಿತು. ೨೦೧೯ರಲ್ಲಿ ಶಿಕ್ಷಣ ಇಲಾಖೆ ಎಚ್ಚೆತ್ತು ವಿಚಾರಣೆಗೆ ತೊಡಗಿದಾಗ ದೊಡ್ಡ ದೊಡ್ಡ ಹೆಸರುಗಳೇ ಹೊರಬಿದ್ದವು. ಯೇಲ್ ವಿಶ್ವವಿದ್ಯಾಲಯವು ಕಡಮೆಯೆಂದರೂ ೩೭.೫ ಕೋಟಿ ಡಾಲರುಗಳ ಲೆಕ್ಕ ಒಪ್ಪಿಸಿಲ್ಲವೆಂದು ೨೦೨೦ರ ಫೆಬ್ರವರಿಯಲ್ಲಿ ಇಲಾಖೆ ಪ್ರಕಟಿಸಿತು. ಆ ವರ್ಷದ ಅಕ್ಟೋಬರ್ ವೇಳೆಗೆ, ಹಿಂದೆ ತಿಳಿಸದಿದ್ದ ಸುಮಾರು ೬೫೦ ಕೋಟಿ ಡಾಲರುಗಳು ಕಡತಕ್ಕೆ ಏರಿದ್ದವು. ವಿದ್ಯಾರ್ಥಿಯೊಬ್ಬನ ಶುಲ್ಕ ಒಂದು ದಿನ ತಡವಾದರೆ ದಂಡ ಹಾಕುವ ಕಚೇರಿಗಳಿಗೆ ಇಷ್ಟು ಹಣ ಮರೆತುಹೋಯಿತೆಂದರೆ ನಂಬುವುದು ಕಷ್ಟ.

ಮಿತಿಯನ್ನು ೫೦,೦೦೦ ಡಾಲರಿಗೆ ಇಳಿಸಿ, ಚೀನವೇ ಮೊದಲಾದ ಕೆಲವು ದೇಶಗಳ ಹಣಕ್ಕೆ ಒಂದು ಡಾಲರಿನಿಂದಲೇ ಲೆಕ್ಕ ಕೇಳುವ ಮಸೂದೆಯನ್ನು ಅಲ್ಲಿಯ ಪ್ರತಿನಿಧಿಸಭೆ ೨೦೨೩ರ ಡಿಸೆಂಬರಿನಲ್ಲಿ ಅಂಗೀಕರಿಸಿತು. ಇಲ್ಲಿ ನನ್ನ ಮನಸ್ಸು ತುಸು ಹಿಂಜರಿಯುತ್ತದೆ. ಲೆಕ್ಕ ಕೇಳುವುದು ಒಂದು, ಮನುಷ್ಯನನ್ನು ಸಂದೇಹಿಸುವುದು ಇನ್ನೊಂದು.

ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯ ಗ್ಯಾಂಗ್ ಚೆನ್ ಚೀನದಲ್ಲಿ ಹುಟ್ಟಿ ಅಮೆರಿಕದ ಪ್ರಜೆಯಾದ ವಿಜ್ಞಾನಿ. ಸರಕಾರದ ಸಂಶೋಧನಾಧನಕ್ಕೆ ಅರ್ಜಿ ಹಾಕುವಾಗ ಚೀನದ ಸಂಬಂಧಗಳನ್ನು ಮರೆಮಾಚಿದರೆಂದು ಅವರನ್ನು ೨೦೨೧ರ ಜನವರಿಯಲ್ಲಿ ಬಂಧಿಸಿದರು. ಶೆನ್‌ಜೆನ್ ನಗರದ ವಿಶ್ವವಿದ್ಯಾಲಯದಿಂದ ಬಂದ ಸುಮಾರು ೧.೯ ಕೋಟಿ ಡಾಲರುಗಳನ್ನೂ ಸರಕಾರ ಎತ್ತಿ ಆಡಿತು. ಆ ಒಪ್ಪಂದ ನಮ್ಮ ಸಂಸ್ಥೆಯದು, ಚೆನ್ನರ ಸ್ವಂತದ್ದಲ್ಲ ಎಂದು ಸಂಸ್ಥೆಯ ಅಧ್ಯಕ್ಷರೇ ಬಹಿರಂಗವಾಗಿ ಹೇಳಿದರು. ಒಂದು ವರ್ಷ ಕಳೆದ ಮೇಲೆ, ೨೦೨೨ರ ಜನವರಿಯಲ್ಲಿ, ಆರೋಪವನ್ನು ರುಜುವಾತುಪಡಿಸಲಾರೆವೆಂದು ಸರಕಾರವೇ ಮೊಕದ್ದಮೆಯನ್ನು ಹಿಂತೆಗೆದುಕೊಂಡಿತು. ಚೆನ್ ಪ್ರಯೋಗಶಾಲೆಗೆ ಮರಳಿದರು. ಆದರೆ ತಮ್ಮ ಸರಕಾರದ ಹಣಕ್ಕೆ ಮತ್ತೆ ಅರ್ಜಿ ಹಾಕಲು ಅವರಿಗೆ ಧೈರ್ಯ ಬರಲಿಲ್ಲ.