ಹುಣಸೆಹುಳಿ ಇರುವಾಗ ಬಾಟಲಿ ಯಾಕೆ?

ತಿಂಗಳ ಸಾಮಾನಿನ ಚೀಟಿ ಬರೆಯುವಾಗ ನಾವು ಒಮ್ಮೆಯಾದರೂ ಲೆಕ್ಕ ಹಾಕಿದ್ದುಂಟಾ? ಪಾತ್ರೆಗೊಂದು, ನೆಲಕ್ಕೊಂದು, ಟೈಲ್ಸಿಗೊಂದು, ಬಾತ್‌ರೂಮಿಗೊಂದು ಬಾಟಲಿ. ಗಲ್ಫಿನ ಬಿಸಿಲಲ್ಲಿ ದುಡಿದು ಕಳಿಸಿದ ಹಣದಲ್ಲಿ ಒಂದು ಪಾಲು ಹೀಗೆ ನೊರೆಯಾಗಿ ಚರಂಡಿ ಸೇರುತ್ತದೆ.

ನಮ್ಮ ಉಮ್ಮಂದಿರ ಅಡುಗೆ ಮನೆಯಲ್ಲಿ ಇಷ್ಟೆಲ್ಲ ಬಾಟಲಿ ಇರಲಿಲ್ಲ. ತಾಮ್ರದ ಚೆಂಬು ಕಪ್ಪಾದರೆ ಹುಣಸೆಹುಳಿಗೆ ಚಿಟಿಕೆ ಉಪ್ಪು ಸೇರಿಸಿ ತಿಕ್ಕುತ್ತಿದ್ದರು. ಹಿತ್ತಲ ಬಿಂಬುಳಿಯೂ ಆಗುತ್ತಿತ್ತು. ಹುಳಿ ಆ ಕಪ್ಪನ್ನು ಕರಗಿಸುತ್ತದೆ. ಬಂಗುಡೆ ತೊಳೆದ ಕೈಯ ವಾಸನೆಗೂ ಇದೇ ಮದ್ದು. ರಾತ್ರಿ ನೆನೆಸಿದ ಅಂಟುವಾಳದ ಸಿಪ್ಪೆಯನ್ನು ಬೆಳಿಗ್ಗೆ ಕಿವುಚಿದರೆ ಬೇಕಾದಷ್ಟು ನೊರೆ; ರೇಷ್ಮೆ ಸೀರೆಗೂ, ಚಿನ್ನದ ಬಳೆಗೂ ಅದೇ ಸಾಕು. ಒಣಗಿದ ತುಪ್ಪೀರೆಯ ನಾರು ಪಾತ್ರೆ ತಿಕ್ಕಲು, ಹರಿದ ಲುಂಗಿ ನೆಲ ಒರೆಸಲು.

ಹಾಗಂತ ಎಲ್ಲವನ್ನೂ ಎಲ್ಲದಕ್ಕೂ ಹಾಕಬಾರದು. ಮಾರ್ಬಲ್ ನೆಲಕ್ಕೆ ಲಿಂಬೆ, ವಿನೆಗರ್ ಬಿದ್ದರೆ ಹೊಳಪು ಹೋಗುತ್ತದೆ. ಸೋಡಾ ಹಾಕಿದರೆ ಅಲ್ಯೂಮಿನಿಯಂ ಪಾತ್ರೆ ಕಪ್ಪಾಗುತ್ತದೆ. ಸೋಡಾ, ವಿನೆಗರ್ ಎರಡನ್ನೂ ಬೆರೆಸಿಟ್ಟರೆ ಗುಳ್ಳೆ ಬರುವುದಷ್ಟೇ, ಎರಡರ ಶಕ್ತಿಯೂ ಇಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬ್ಲೀಚಿಂಗ್ ಪೌಡರಿಗೆ ವಿನೆಗರ್, ಲಿಂಬೆ, ಆ್ಯಸಿಡ್ ಯಾವುದನ್ನೂ ಸೇರಿಸಲೇಬೇಡಿ. ಕ್ಲೋರಿನ್ ಎಂಬ ವಿಷಾನಿಲ ಏಳುತ್ತದೆ. ಬಾಗಿಲು ಹಾಕಿದ ಬಾತ್‌ರೂಮಿನಲ್ಲಿ ಅದು ಜೀವಕ್ಕೇ ಅಪಾಯ.

ಈ ತಿಂಗಳ ಚೀಟಿಯಿಂದ ಒಂದೇ ಒಂದು ಬಾಟಲಿ ಕಡಿಮೆ ಮಾಡಿ ನೋಡೋಣ. ಮನೆಯಲ್ಲಿ ಉಮ್ಮ ಇದ್ದರೆ ಕೇಳಿ, ಇನ್ನೂ ನಾಲ್ಕು ಉಪಾಯ ಅವರೇ ಹೇಳಿಯಾರು.